ಬಸ್‌ನಲ್ಲಿ ಬಿದ್ದ ಲ್ಯಾಪ್‌ಟಾಪ್: ಆನ್ ಆಗುತ್ತೆ, ಆದರೆ ಒಳಗೆ ಟಿಕ್ ಟಿಕ್ ಸದ್ದು

ನವನಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಎಂಸಿಎ ಓದುತ್ತಿದ್ದೇನೆ, ಮನೆ ಬಾಗಲಕೋಟೆ. ಮೊನ್ನೆ ಊರಿಗೆ ಬರುವಾಗ ಬಸ್ ಫುಲ್ ರಶ್, ಕಾಲಿಡೋಕೂ ಜಾಗ ಇರಲಿಲ್ಲ, ಬ್ಯಾಗ್ ಮೇಲಿಡಿ ಅಂದರು, ಇಟ್ಟೆ. ಲೋಕಾಪುರದ ಹತ್ತಿರ ಎಮ್ಮೆ ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರು. ಬ್ಯಾಗ್ ಸೀದಾ ಕೆಳಗೆ.

ಈಗ ಆನ್ ಆಗುತ್ತೆ, ಆದರೆ ವಿಂಡೋಸ್ ಬರೋಕೆ ತುಂಬಾ ಹೊತ್ತು ಹಿಡಿಯುತ್ತೆ. ಒಳಗಿಂದ ಟಿಕ್ ಟಿಕ್ ಸದ್ದು. ಸ್ಕ್ರೀನ್ ಬಲಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ಎಡಗಡೆ ಹಿಂಜ್ ಹತ್ತಿರ ಪ್ಲಾಸ್ಟಿಕ್ ಬಾಯಿ ಬಿಟ್ಟಿದೆ. ಇರೋದು 1 ಟಿಬಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ. ಪ್ರಾಜೆಕ್ಟ್ ಎಲ್ಲಾ ಅದರಲ್ಲೇ ಇದೆ. ರೂಮ್‌ಮೇಟ್ ಚೆಕ್‌ಡಿಸ್ಕ್ (ವಿಂಡೋಸ್‌ನಲ್ಲೇ ಇರೋ ಡಿಸ್ಕ್ ಪರೀಕ್ಷೆ) ಓಡಿಸು ಅಂತಾನೆ. ಓಡಿಸಲಾ? ವಾರಂಟಿ ಇನ್ನೂ ಇದೆ, ಬಿದ್ದಿದ್ದಕ್ಕೆ ಸಿಗುತ್ತಾ? ಇನ್ನು ಮುಂದೆ ಹೇಗೆ ಒಯ್ಯಬೇಕು ಅನ್ನೋದನ್ನೂ ಹೇಳಿ, ವಾರ ವಾರ ಓಡಾಟ ಇದ್ದೇ ಇದೆ.

ಟಿಳಕವಾಡಿ ರಿಪೇರಿ:
ತಮ್ಮಾ, ಮೊದಲು ಅದನ್ನ ಆಫ್ ಮಾಡು. ಚೆಕ್‌ಡಿಸ್ಕ್ ಮಾತ್ರ ಬೇಡ. ಅದು ಡಿಸ್ಕಿನ ಮೂಲೆ ಮೂಲೆ ಓದೋಕೆ ಹೋಗುತ್ತೆ, ಸಿಕ್ಕಿದ್ದನ್ನ ತಿದ್ದಿ ಬರೆಯೋಕೂ ಹೋಗುತ್ತೆ. ಪೆಟ್ಟು ತಿಂದ ಡಿಸ್ಕಿಗೆ ಅಷ್ಟು ಕೆಲಸ ಕೊಟ್ಟರೆ ಉಳಿದಿರೋದೂ ಹೋಗಬಹುದು. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಹೆಡ್ ಓಡಾಡುತ್ತೆ. ಆ ಹೆಡ್ ಓದೋಕಾಗದೆ ಮತ್ತೆ ಮತ್ತೆ ಹಿಂದೆ ಹೋಗಿ ಬಂದಾಗ ಬರೋದೇ ಆ ಟಿಕ್ ಟಿಕ್. ಪ್ರತಿ ಸಲ ಆನ್ ಮಾಡೋದೂ ಒಂದು ಜೂಜು.

ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಸಿಸ್ಟಂ) ಹಾಕಿ ಅದರಿಂದ ಬೂಟ್ ಮಾಡು, ಇನ್‌ಸ್ಟಾಲ್ ಮಾಡಬೇಡ, ಸುಮ್ನೆ ಟ್ರೈ ಆಪ್ಷನ್. ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊ: ಪ್ರಾಜೆಕ್ಟ್ ಫೋಲ್ಡರ್ ಮೊದಲು, ಆಮೇಲೆ ಸರ್ಟಿಫಿಕೇಟ್, ಫೋಟೋ. ಸಿನಿಮಾ ಗಿನಿಮಾ ಬಿಟ್ಟುಬಿಡು. ಒಂದು ಫೈಲ್ ಹತ್ತಿರ ನಿಂತುಹೋದರೆ ಅದನ್ನೇ ಹಿಡಿದು ಕೂರಬೇಡ, ಮುಂದಿನದಕ್ಕೆ ಹೋಗು. ಡಿಸ್ಕ್ ಕಾಣಿಸಲೇ ಇಲ್ಲ, ಬರೀ ಸದ್ದು ಅಂದ್ರೆ ಅಲ್ಲಿಗೇ ನಿಲ್ಲಿಸು. ಅದು ಡೇಟಾ ರಿಕವರಿ ಮಾಡುವವರ ಕೆಲಸ, ಬೀದಿ ಅಂಗಡಿಯಲ್ಲಿ ಡಿಸ್ಕಿನ ಮುಚ್ಚಳ ಬಿಚ್ಚೋಕೆ ಯಾರಿಗೂ ಬಿಡಬೇಡ, ಧೂಳು ಕೂತರೆ ಕಥೆ ಮುಗೀತು.

ಗೆರೆಗೆ ಸುಲಭ ಪರೀಕ್ಷೆ ಇದೆ. ಉಬುಂಟು ಓಡುತ್ತಿರುವಾಗಲೇ ಮನೆ ಟಿವಿಗೆ ಎಚ್‌ಡಿಎಂಐ ಹಾಕಿ ನೋಡು. ಟಿವಿಯಲ್ಲಿ ಗೆರೆ ಇಲ್ಲದಿದ್ದರೆ ತೊಂದರೆ ಪ್ಯಾನೆಲ್‌ನಲ್ಲಿ (ಸ್ಕ್ರೀನ್‌ನಲ್ಲೇ) ಇಲ್ಲವೇ ಡಿಸ್‌ಪ್ಲೇ ಕೇಬಲ್‌ನಲ್ಲಿ. ಟಿವಿಯಲ್ಲೂ ಬಂದರೆ ಮದರ್‌ಬೋರ್ಡ್ ಕಡೆ ತೊಂದರೆ, ಖರ್ಚು ಜಾಸ್ತಿ.

ಹಿಂಜ್ ಬಗ್ಗೆ ಇನ್ನೊಂದು ಮಾತು. ಸ್ಕ್ರೂ ಕೂರೋದು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಸಣ್ಣ ಹಿತ್ತಾಳೆ ನಟ್‌ನಲ್ಲಿ. ಬಿದ್ದಾಗ ಆ ನಟ್ ಪ್ಲಾಸ್ಟಿಕ್ ಸಮೇತ ಕಿತ್ತುಕೊಂಡು ಬರುತ್ತೆ. ಆಮೇಲೆ ನೀನು ಮುಚ್ಚಳ ತೆಗೆದಷ್ಟೂ ಹಿಂಜ್ ತಿರುಗುವ ಬದಲು ಬಾಡಿಯನ್ನೇ ಎತ್ತುತ್ತೆ. ಡಿಸ್‌ಪ್ಲೇ ಕೇಬಲ್ ಹಾದುಹೋಗೋದೂ ಅಲ್ಲಿಂದಲೇ. ಹಾಗಾಗಿ ರಿಪೇರಿ ಆಗೋವರೆಗೆ ಒಂದು ಸಲ ತೆಗೆದು ಹಾಗೇ ಇಡು. ಈಗಲೇ ತೋರಿಸಿದರೆ ಎಪಾಕ್ಸಿ ಅಂಟು ಹಾಕಿ ನಟ್ ಕೂರಿಸಬಹುದು, ಬಿಟ್ಟರೆ ಪೂರ್ತಿ ಬಾಡಿ ಬದಲಿಸಬೇಕು.

ಗೋಲಗುಂಬಜ್ ಅಕ್ಕ:
ವಾರಂಟಿಗೆ ಉತ್ತರ: ಮಾಮೂಲಿ ವಾರಂಟಿಯಲ್ಲಿ ಬಿದ್ದಿದ್ದು, ನೀರು ಬಿದ್ದಿದ್ದು ಬರೋದಿಲ್ಲ. ಡೆಲ್, ಎಚ್‌ಪಿ, ಲೆನೊವೊ ಎಲ್ಲರೂ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲ್ಯಾನ್ ಬೇರೆಯಾಗಿ ಮಾರುತ್ತಾರೆ. ತಗೊಳ್ಳುವಾಗ ಅಂಗಡಿಯವರು ಸೇರಿಸಿರಲೂಬಹುದು, ಬಿಲ್ ಒಮ್ಮೆ ಸರಿಯಾಗಿ ಓದಿ, ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟ್‌ನಲ್ಲೂ ನೋಡಿ. ಹೊರಗೆ ಬಿಚ್ಚಿಸೋದಕ್ಕೆ ಮೊದಲು ಇದನ್ನ ಮಾಡಿ.

ನಾನು ವಿಜಯಪುರದಿಂದ ಬೆಂಗಳೂರಿಗೆ ರೈಲಿನಲ್ಲೇ ಜಾಸ್ತಿ ಓಡಾಡೋದು. ನಾನು ನೋಡಿದ್ರಲ್ಲಿ ಲ್ಯಾಪ್‌ಟಾಪ್ ಬೀಳೋದು ಮೇಲಿನ ರ್‍ಯಾಕ್‌ನಿಂದ ಅಲ್ಲ, ಚಾರ್ಜರ್ ವೈರ್‌ನಿಂದ. ಸೈಡ್ ಬರ್ತ್‌ನಲ್ಲಿ ಕೂತು, ವೈರ್ ಆ ಕಡೆ ಪಾಯಿಂಟ್‌ಗೆ ಹಾಕಿರ್ತಾರೆ, ಚಹಾದವನು ಬರ್ತಾನೆ, ಕಾಲಿಗೆ ಸಿಗುತ್ತೆ, ಆಯ್ತು. ಡಿಸ್ಕ್ ತಿರುಗುತ್ತಿರುವಾಗ ಬಿದ್ದರೆ ಪೆಟ್ಟು ಹೆಚ್ಚು, ಆಫ್ ಇದ್ದಾಗ ಹೆಡ್ ಪಕ್ಕಕ್ಕೆ ಸರಿದು ಕೂತಿರುತ್ತೆ.

ಇನ್ನೊಂದು, ನಗಬೇಡಿ. ಪರಿಚಯದ ಹುಡುಗಿಯೊಬ್ಬಳ ಸ್ಕ್ರೀನ್ ಒಡೆದಿದ್ದು ಅಮೀನಗಡದ ಕರದಂಟಿನ ಡಬ್ಬಿಯಿಂದ! ಅಮ್ಮ ಪ್ರೀತಿಯಿಂದ ಬ್ಯಾಗಿಗೆ ತುರುಕಿದ್ದರು. ಡಬ್ಬಿಯ ಅಂಚು ಸರಿಯಾಗಿ ಮುಚ್ಚಳದ ನಡುವೆ ಒತ್ತಿತ್ತು, ಮೇಲೆ ಯಾರೋ ಒರಗಿಕೊಂಡರು. ಬ್ಯಾಗ್ ಬೀಳಲೇ ಇಲ್ಲ, ಆದರೂ ಒಡೆಯಿತು. ತಿಂಡಿ, ನೀರಿನ ಬಾಟಲಿ, ಎಣ್ಣೆಗಾಯಿ ಎಲ್ಲಾ ಬೇರೆ ಚೀಲದಲ್ಲಿ ಇರಲಿ.

ಜಮಖಂಡಿ ಬೈಕರ್:
ಅಕ್ಕಾ, ಕರದಂಟು ಬಿಟ್ಟು ಊರಿಂದ ಹೊರಡೋಕಾಗುತ್ತಾ? 😄

ಬ್ಯಾಗ್ ವಿಷಯ ಹೇಳ್ತೀನಿ. ನಿಮ್ಮ ಬ್ಯಾಗ್‌ನ ಲ್ಯಾಪ್‌ಟಾಪ್ ಖಾನೆಗೆ ಕೈ ಹಾಕಿ ತಳ ಮುಟ್ಟಿ ನೋಡಿ. ಕಡಿಮೆ ಬೆಲೆಯ ಬ್ಯಾಗ್‌ಗಳಲ್ಲಿ ಆ ಖಾನೆ ಸೀದಾ ಬ್ಯಾಗಿನ ತಳದ ಹೊಲಿಗೆಯವರೆಗೂ ಇರುತ್ತೆ, ನಡುವೆ ಏನೂ ಇಲ್ಲ. ಬೆನ್ನಿನ ಕಡೆ ಇಷ್ಟು ದಪ್ಪ ಫೋಮ್, ತಳದಲ್ಲಿ ಬರೀ ಬಟ್ಟೆ. ಬಸ್ ಇಳಿದು ಬ್ಯಾಗ್ ದೊಪ್ಪನೆ ನೆಲಕ್ಕಿಡ್ತೀವಲ್ಲ, ಪ್ರತಿ ಸಲ ಮೂಲೆಗೇ ಪೆಟ್ಟು. ಖಾನೆ ತಳದಿಂದ ಎರಡು ಬೆರಳಾದರೂ ಮೇಲೆ ನಿಲ್ಲುವ ಬ್ಯಾಗ್ ನೋಡಿ ತಗೊಳ್ಳಿ. ಇಲ್ಲ ಅಂದ್ರೆ ತಳಕ್ಕೆ ದಪ್ಪ ಫೋಮ್ ತುಂಡು ಕತ್ತರಿಸಿ ಹಾಕಿ, ಕುಶನ್ ಅಂಗಡಿಯಲ್ಲಿ ಸಿಗುತ್ತೆ.

ಗಟ್ಟಿ ಪ್ಲಾಸ್ಟಿಕ್ ಕವರ್ ನನಗೆ ಹಿಡಿಸಲ್ಲ. ಗೀರು ತಪ್ಪುತ್ತೆ ಅಷ್ಟೇ, ಮುಚ್ಚಳದ ತೂಕ ಹೆಚ್ಚಿ ಹಿಂಜ್ ಮೇಲೆ ಬೀಳುತ್ತೆ. ಬೈಕ್‌ನಲ್ಲಿ ಹೋದರೆ ಟ್ಯಾಂಕ್ ಮೇಲೆ, ಹಿಂದಿನ ಸೀಟಿಗೆ ಕಟ್ಟಿ ಒಯ್ಯಬೇಡಿ, ಬೆನ್ನಿಗೆ ಹಾಕಿ. ಬ್ಯಾಗಿಗೆ ಹಾಕುವಾಗ ಸ್ಲೀಪ್ ಅಲ್ಲ, ಶಟ್‌ಡೌನ್. ಹೊಸ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲಿದ್ದರೂ ತಾವೇ ಎದ್ದು ಅಪ್‌ಡೇಟ್ ಗಿಪ್‌ಡೇಟ್ ಅಂತ ಓಡುತ್ತವೆ, ಬ್ಯಾಗ್ ಒಳಗೆ ಕಾದ ಹಂಚು. ನಮ್ಮ ಕಡೆ ಮೇ ತಿಂಗಳಲ್ಲಿ ಕೇಳಲೇಬೇಡಿ.

ನವನಗರದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಉಬುಂಟುನಲ್ಲಿ ಡಿಸ್ಕ್ ಕಾಣಿಸಿತು, ಪ್ರಾಜೆಕ್ಟ್ ಪೂರ್ತಿ ಬಂತು. ಫೋಟೋ ಫೋಲ್ಡರ್ ಅರ್ಧಕ್ಕೆ ನಿಂತಿತು, ಬಿಟ್ಟೆ. ಟಿವಿಯಲ್ಲಿ ಗೆರೆ ಇಲ್ಲ. ಬಿಲ್‌ನಲ್ಲಿ ಬೇರೆ ಪ್ಲ್ಯಾನ್ ಏನೂ ಇಲ್ಲ. ಇದೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಬಳಸಬಹುದಾ?

ಟಿಳಕವಾಡಿ ರಿಪೇರಿ:
ಬೇಡ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ನೀಲಿ, ಅಂದ್ರೆ ಚೆನ್ನಾಗಿದೆ ಅಂತ ತೋರಿಸಿದರೂ ಸದ್ದು ಮಾಡುವ ಡಿಸ್ಕನ್ನ ನಂಬಬಾರದು. ಸಾಟಾ ಎಸ್‌ಎಸ್‌ಡಿ ಹಾಕಿಸು, ಅದೇ ಜಾಗದಲ್ಲಿ ಕೂರುತ್ತೆ, ತಿರುಗುವ ಭಾಗವೇ ಇಲ್ಲ, ಸ್ಪೀಡೂ ಸಿಗುತ್ತೆ. ಹಳೇ ಡಿಸ್ಕ್ ಎಸೆಯಬೇಡ, ಉಳಿದ ಫೋಟೋ ಬೇಕಾದರೆ ರಿಕವರಿಗೆ ಕೊಡೋಕೆ ಬೇಕು. ಪ್ಯಾನೆಲ್ ಬದಲಿಸೋಕೆ ಮೊದಲು ಕೇಬಲ್ ಬಿಚ್ಚಿ ಮತ್ತೆ ಕೂರಿಸಿ ನೋಡೋಕೆ ಹೇಳು, ಎಷ್ಟೋ ಸಲ ಅಷ್ಟಕ್ಕೇ ಗೆರೆ ಹೋಗುತ್ತೆ. ಬಿಚ್ಚಿದಾಗ ಬ್ಯಾಟರಿನೂ ನೋಡಿಸು, ಉಬ್ಬಿದ್ದರೆ ಇಲ್ಲವೇ ಮಡಚಿದ್ದರೆ ಆ ಬ್ಯಾಟರಿ ಮತ್ತೆ ಹಾಕಿಸಬೇಡ.