ಮೈತ್ರಿ ಕೇಂದ್ರಕ್ಕೆ ಹೊರಡುವ ಮುನ್ನ ದುರ್ಗದ ಗುಡ್ಡದಲ್ಲಿ ಏನು ಅಭ್ಯಾಸ ಮಾಡಬೇಕು?

ಪ್ರಶ್ನೆ (ಜನರೇಟರ್ ಮೆಕ್ಯಾನಿಕ್, ದಾವಣಗೆರೆ): ನಮಸ್ಕಾರ ಸರ್. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಚಳಿಗಾಲ ಕಳೆಯುವ ತಂಡಕ್ಕೆ ಹೆಸರು ಬಂದಿದೆ. ವಯಸ್ಸು 34, ತೂಕ 76 ಕೆಜಿ. ಉತ್ತರಾಖಂಡದ ಔಲಿಯಲ್ಲಿ ನಡೆಯುವ ಹಿಮ ತರಬೇತಿಗೆ ಇನ್ನು ಮೂರು ತಿಂಗಳಿದೆ. ಬಿಡುವು ಭಾನುವಾರ ಮಾತ್ರ, ಹೆಚ್ಚೆಂದರೆ ಶನಿವಾರ ಸಂಜೆ. ನಮ್ಮೂರ ಸುತ್ತ ಬಯಲೇ ಬಯಲು. ಭಾನುವಾರ ಚಿತ್ರದುರ್ಗಕ್ಕೆ ಬಂದು ಗುಡ್ಡ ಹತ್ತಿದರೆ ಸಾಕಾ? ಚಳಿಗೆ ಮೈ ಒಗ್ಗಲಿ ಅಂತ ಗೆಳೆಯರು ಐಸ್ ನೀರಲ್ಲಿ ಸ್ನಾನ ಮಾಡು ಅಂತಿದ್ದಾರೆ.

ಉತ್ತರ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ): ಐಸ್ ನೀರಿನ ಸಹವಾಸ ಬೇಡ. ಮೂರು ತಿಂಗಳ ತಣ್ಣೀರು ಸ್ನಾನಕ್ಕೆ ಮೈನಸ್ ಮೂವತ್ತು ಡಿಗ್ರಿ ಬಗ್ಗುವುದಿಲ್ಲ, ಬಿಪಿ ಇದ್ದವರಿಗೆ ಅಪಾಯ ಬೇರೆ. ಧ್ರುವದ ಬಟ್ಟೆ, ಬೂಟುಗಳನ್ನು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವೇ ಕೊಡುತ್ತದೆ, ದುಬಾರಿ ಜಾಕೆಟ್‌ಗೆ ದುಡ್ಡು ಸುರಿಯಬೇಡಿ. ಇಲ್ಲಿಂದ ನೀವು ಒಯ್ಯಬೇಕಾದದ್ದು ಗಟ್ಟಿ ಸೊಂಟ, ಮಂಡಿ, ಪಾದದ ಕೀಲು. ಡ್ರಮ್ ಸರಿಸುವಾಗ, ಬಾಗಿಲಿಗೆ ಅಡ್ಡ ಬಿದ್ದ ಹಿಮ ತೋಡುವಾಗ, ಕಲ್ಲಿನ ಮೇಲೆ ಕಾಲು ಹೊರಳಿದಾಗ ಕೈಕೊಡುವುದು ಇವೇ. ಮೈತ್ರಿ ಇರುವ ಷಿರ್ಮಾಕರ್ ಪ್ರದೇಶ ಬೇಸಿಗೆಯಲ್ಲಿ ಬರೀ ಬಂಡೆ, ಸಡಿಲ ಕಲ್ಲು. ಹಾಗಾಗಿ ದುರ್ಗದ ಬಂಡೆ ನಿಮಗೆ ಒಳ್ಳೆ ಪಾಠಶಾಲೆಯೇ.

ಆದರೆ ಭಾನುವಾರ ಒಂದೇ ದಿನ ಮೈ ಮುರಿದು ಸೋಮವಾರ ಕುಂಟುವುದು ತರಬೇತಿಯಲ್ಲ. ಮಂಗಳವಾರ, ಗುರುವಾರ ಮನೆಯಲ್ಲೇ ನಲವತ್ತು ನಿಮಿಷ ಕೊಡಿ. ಮುಖ್ಯ ವ್ಯಾಯಾಮ ಮೆಟ್ಟಿಲಿಳಿತ: 20 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವವರೆಗೆ ಮೂರು ಎಣಿಸುತ್ತಾ ಇಳಿಯಿರಿ. ಒಂದೊಂದು ಕಾಲಿಗೆ ಹತ್ತು ಸಲ, ಮೂರು ಸುತ್ತು. ಮಂಡಿ ಒಳಕ್ಕೆ ವಾಲಿದರೆ ಮೆಟ್ಟಿಲಿನ ಎತ್ತರ ಕಡಿಮೆ ಮಾಡಿ. ಹತ್ತುವಾಗ ಏದುಸಿರು ಬರುತ್ತೆ ಅಷ್ಟೇ, ತೊಡೆಯ ಸ್ನಾಯು ಹರಿಯುವುದು ಇಳಿಯುವಾಗ. ಜನ ಇದನ್ನೇ ಅಭ್ಯಾಸ ಮಾಡುವುದಿಲ್ಲ.

ಜೊತೆಗೆ ಎರಡು ಕ್ಯಾನ್ ಹಿಡಿದು ನಡಿಗೆ. 20 ಲೀಟರ್ ಡೀಸೆಲ್ ಸುಮಾರು 17 ಕೆಜಿ ತೂಗುತ್ತದೆ, ನೀವು ಕ್ಯಾನಿಗೆ 17 ಲೀಟರ್ ನೀರು ತುಂಬಿ. ನಲವತ್ತು ಹೆಜ್ಜೆ, ನಿಲ್ಲಿ, ಮತ್ತೆ ನಲವತ್ತು. ಭುಜ ಕಿವಿಯ ಕಡೆ ಏರಬಾರದು.

ಪ್ರಶ್ನೆ (ಅವರೇ): ಬೆನ್ನಚೀಲಕ್ಕೆ ಎಷ್ಟು ಭಾರ ಸರ್? ನಮ್ಮ ಹುಡುಗ್ರು 25 ಕೆಜಿ ಹೊರು ಅಂತಾರೆ.

ಉತ್ತರ (ಚಾರಣ ತರಬೇತುದಾರ, ಚಿತ್ರದುರ್ಗ): 25 ಕೆಜಿ ಹೊತ್ತರೆ ಔಲಿಗೆ ಹೋಗುವ ಮೊದಲೇ ಡಾಕ್ಟರ ಹತ್ತಿರ ಹೋಗ್ತೀರಿ. ಮೈ ತೂಕದ ಐದನೇ ಒಂದು ಭಾಗ ಮಿತಿ, ನಿಮಗೆ 15 ಕೆಜಿ. 5 ಕೆಜಿಯಿಂದ ಶುರು ಮಾಡಿ, ವಾರಕ್ಕೆ ಒಂದು ಕೆಜಿ ಏರಿಸಿ. ದೂರ ಹೆಚ್ಚಿಸಿದ ವಾರ ಭಾರ ಹೆಚ್ಚಿಸಬೇಡಿ. ಪ್ರತಿ ನಾಲ್ಕನೇ ವಾರ ಭಾರ ಅರ್ಧಕ್ಕೆ ಇಳಿಸಿ, ಮೈ ಗಟ್ಟಿಯಾಗುವುದು ಆ ವಾರವೇ.

ಭಾರಕ್ಕೆ ಕಲ್ಲು ಬೇಡ, ನೀರಿನ ಬಾಟಲಿ ತುಂಬಿ. ಮೊದಲ ನಾಲ್ಕು ವಾರ, ಕುಡಿಯಲು ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ತುದಿಯಲ್ಲಿ ಚೆಲ್ಲಿ ಖಾಲಿ ಇಳಿಯಿರಿ, ಮಂಡಿ ಉಳಿಯುತ್ತೆ. ಐದನೇ ವಾರದಿಂದ ಹೊತ್ತೇ ಇಳಿಯಿರಿ. ಭಾರದ್ದು ಬೆನ್ನಿಗೆ ಅಂಟಿ, ಹೆಗಲ ಮೂಳೆಗಳ ಮಧ್ಯಕ್ಕೆ ಬರಬೇಕು. ಸೊಂಟಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಬೆರಳು ಜೋಮು ಹಿಡಿದರೆ ಹೆಗಲ ಪಟ್ಟಿ ನರ ಒತ್ತುತ್ತಿದೆ ಎಂದರ್ಥ, ಅಲ್ಲೇ ನಿಂತು ಸೊಂಟಪಟ್ಟಿ ಬಿಗಿ ಮಾಡಿ.

ಜಾಗದ ವಿಚಾರ. ಮೊದಲ ತಿಂಗಳು ಕೊಂಡಜ್ಜಿ ಗುಡ್ಡ ಸಾಕು, ನಿಮಗೆ ಹತ್ತಿರ. ಆಮೇಲೆ ಚಿತ್ರದುರ್ಗದ ಕೋಟೆ: ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಮೆಟ್ಟಿಲ ದಾರಿಯಲ್ಲೇ ಮೇಲೆ ಕೆಳಗೆ ಓಡಾಡಿ. ಬಂಡೆ ಹತ್ತುವ ಸಾಹಸ ಬೇಡ, ಮಳೆ ಹನಿ ಬಿದ್ದರೆ ನುಣುಪು ಕಲ್ಲು ಜಾರುತ್ತೆ. ಕೊನೆಯ ಆರು ವಾರ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟ. ಅದು ವನ್ಯಜೀವಿ ಧಾಮ, ಚಿರತೆ, ಕರಡಿ ಇವೆ. ಅರಣ್ಯ ಇಲಾಖೆಯ ಗೇಟಲ್ಲಿ ಕೇಳಿಯೇ ಹೋಗಿ, ಬೆಳಕು ಹರಿಯುವ ಮೊದಲು ಬೇಡ, ಒಬ್ಬರೇ ಬೇಡ. ಶನಿವಾರ ಸಂಜೆ ಭದ್ರಾ ನಾಲೆ ಏರಿ ಮೇಲೆ ಎರಡು ಗಂಟೆ ನಡೆದು ಭಾನುವಾರ ಗುಡ್ಡ ಹತ್ತಿದರೆ, ದಣಿದ ಕಾಲಲ್ಲಿ ಕೆಲಸ ಮಾಡುವುದು ಅಭ್ಯಾಸವಾಗುತ್ತೆ.

ಆಷಾಢದಲ್ಲಿ ಜೋಗಿಮಟ್ಟಿ ಮೇಲೆ ಬೀಸುವ ಗಾಳಿಯನ್ನು ಬಿಡಬೇಡಿ, ಅಲ್ಲೊಂದು ದೊಡ್ಡ ಪಾಠ ಇದೆ. ಹತ್ತಿ ಬನಿಯನ್ ಹಾಕಿ ಬೆವರಿ ತುದಿಯಲ್ಲಿ ಐದು ನಿಮಿಷ ನಿಂತು ನೋಡಿ, ನಡುಕ ಬರುತ್ತೆ. ಇಲ್ಲಿ ನಡುಕ ಅಷ್ಟೇ. ಅಲ್ಲಿ ಮೈನಸ್ 20ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಮೈನಸ್ 34ರಂತೆ ತಾಗುತ್ತೆ, ಒದ್ದೆ ಬಟ್ಟೆ ಇದ್ದರೆ ಕಥೆ ಮುಗೀತು. ಅದಕ್ಕೇ ಬೆವರುವ ಮೊದಲು ಒಂದು ಪದರ ಕಳಚಬೇಕು, ನಿಂತ ಕೂಡಲೇ ಗಾಳಿ ತಡೆಯುವ ಪದರ ಹಾಕಬೇಕು. ಒಳಗೆ ಪಾಲಿಯೆಸ್ಟರ್ ಅಥವಾ ಉಣ್ಣೆ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಾಗಿದೆ.

ಪ್ರಶ್ನೆ (ಹಿರಿಯೂರಿನ ಸದಸ್ಯರು): ಧ್ರುವಕ್ಕೆ ಹೋಗುವವರು ಟೈರ್ ಎಳೀತಾರಲ್ಲ ಅಣ್ಣಾ, ಅದು ಬೇಡ್ವಾ?

ಉತ್ತರ (ಚಾರಣ ತರಬೇತುದಾರ): ಅದು ಸ್ಲೆಡ್ಜ್ ಎಳೆದು ನಡೆಯುವ ಸಾಹಸಿಗರಿಗೆ. ಮೈತ್ರಿಯಲ್ಲಿ ಸಾಮಾನು ಎಳೆಯಲು ಹಿಮವಾಹನಗಳಿವೆ. ಆಸೆ ಇದ್ದರೆ ಪಂಕ್ಚರ್ ಅಂಗಡಿಯಿಂದ ಹಳೆ ಕಾರ್ ಟೈರ್ ತಂದು, ಮೂರು ಮೀಟರ್ ಹಗ್ಗವನ್ನು ಸೊಂಟಪಟ್ಟಿಗೆ ಕಟ್ಟಿ ಮಣ್ಣು ದಾರಿಯಲ್ಲಿ ಎಳೆಯಿರಿ. ಲಾರಿ ಟೈರ್ ಮುಟ್ಟಬೇಡಿ. ಅದಕ್ಕಿಂತ ಸಲಿಕೆ ಹಿಡಿದು ಮರಳು ಎತ್ತುವುದು ಉಪಯೋಗ: ಅರ್ಧ ಸಲಿಕೆ, ಮಂಡಿ ಬಗ್ಗಿಸಿ, ಸೊಂಟ ತಿರುಚದೆ ಪಾದ ತಿರುಗಿಸಿ ಎಸೆಯಿರಿ. ಐದು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಮೆಕ್ಯಾನಿಕ್ ಅಂದ್ರಲ್ಲ, ನಿಮಗೊಂದು ಪ್ರತ್ಯೇಕ ಮಾತು. ತೆಳು ಕೈಗವಸಿನ ಮೇಲೆ ದಪ್ಪದ್ದು ಹಾಕಿ ನಟ್ಟು ಬಿಚ್ಚಿ ಕಟ್ಟುವುದನ್ನು ವರ್ಕ್‌ಶಾಪಿನಲ್ಲೇ ದಿನಾ ಮಾಡಿ. ಸ್ಪ್ಯಾನರ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿ. ಕಡುಚಳಿಯಲ್ಲಿ ಬರಿಗೈ ಲೋಹಕ್ಕೆ ಅಂಟುತ್ತೆ. ಇಂಧನ ಸೊನ್ನೆಗಿಂತ ಎಷ್ಟೋ ಕೆಳಗೂ ದ್ರವವಾಗಿಯೇ ಇರುವುದರಿಂದ ಚರ್ಮಕ್ಕೆ ಚೆಲ್ಲಿದರೆ ಆ ಜಾಗ ಕ್ಷಣದಲ್ಲಿ ಮರಗಟ್ಟುತ್ತೆ.

ಪ್ರಶ್ನೆ (ಮೆಕ್ಯಾನಿಕ್): ಬೂಟು ಹಾಕಿದ್ರೆ ಹಿಮ್ಮಡಿ ಬೊಬ್ಬೆ ಬರ್ತಿದೆ. ಔಲಿ ಎತ್ತರಕ್ಕೆ ಮಾತ್ರೆ ಬೇಕಾ?

ಉತ್ತರ (ವೈದ್ಯೆ, ದಾವಣಗೆರೆ): ಬೂಟನ್ನು ಸಂಜೆ ಹೊತ್ತು, ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ ಕೊಳ್ಳಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ಬಿಗಿ ಬೂಟು ರಕ್ತ ಓಡಾಟ ತಡೆಯುತ್ತೆ, ಅಲ್ಲಿ ಬೆರಳು ಮರಗಟ್ಟಲು ಅದೇ ದಾರಿ. ಚರ್ಮ ಉರಿ ಶುರುವಾದಾಗಲೇ ಟೇಪ್ ಹಚ್ಚಿ, ಬೊಬ್ಬೆ ಏಳುವವರೆಗೆ ಕಾಯಬೇಡಿ.

ಔಲಿ 2,500 ಮೀಟರಿಗಿಂತ ಮೇಲಿದೆ. ಮೊದಲ ದಿನ ಓಡಾಟ ಕಡಿಮೆ ಮಾಡಿ. ತಲೆನೋವು, ವಾಂತಿ ಬಂದರೆ ಮುಚ್ಚಿಡದೆ ತರಬೇತುದಾರರಿಗೆ ಹೇಳಿ. ಮಾತ್ರೆ ನೀವಾಗಿ ನುಂಗಬೇಡಿ. ಮೈತ್ರಿ ಸಮುದ್ರ ಮಟ್ಟದಿಂದ ಸುಮಾರು ನೂರು ಮೀಟರ್ ಮೇಲಿದೆ ಅಷ್ಟೇ, ಅಲ್ಲಿ ಎತ್ತರದ ಕಾಯಿಲೆ ಬರುವುದಿಲ್ಲ. ಈಗಿನ ಸೆಕೆಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಎರಡು ಗಂಟೆ ದಾಟಿದರೆ ಓಆರ್‌ಎಸ್. ಬೆಳಿಗ್ಗೆ ಒಂಬತ್ತಕ್ಕೆ ಬಂಡೆ ಕಾದು ಬಿಸಿಯಾಗುತ್ತೆ, ಅಷ್ಟರಲ್ಲಿ ಇಳಿದುಬಿಡಿ.

ಬೆಟ್ಟಕ್ಕಿಂತ ಮೊದಲು ದಂತವೈದ್ಯರ ಹತ್ತಿರ ಹೋಗಿ. ಚಳಿಗಾಲ ಪೂರ್ತಿ ಮೈತ್ರಿಗೆ ಹಡಗೂ ಇಲ್ಲ, ವಿಮಾನವೂ ಇಲ್ಲ. ಹುಳುಕು, ಸಡಿಲ ಫಿಲ್ಲಿಂಗ್, ಅಡ್ಡ ಬೆಳೆದ ಬುದ್ಧಿಹಲ್ಲು, ಎಲ್ಲವನ್ನೂ ಈ ತಿಂಗಳೇ ಸರಿ ಮಾಡಿಸಿ. ಸೂರ್ಯನೇ ಕಾಣದ ಸುಮಾರು ಎರಡು ತಿಂಗಳಿರುತ್ತೆ, ಹಾಗಾಗಿ ವಿಟಮಿನ್ ಡಿ ಪರೀಕ್ಷೆಯೂ ಆಗಲಿ. ವಾರಕ್ಕೊಂದು ನುಂಗುವ ದೊಡ್ಡ ಮಾತ್ರೆಯನ್ನು ದಿನಾ ನುಂಗುವವರಿದ್ದಾರೆ, ಆ ತಪ್ಪು ಬೇಡ.

ಪ್ರಶ್ನೆ (ಮೆಕ್ಯಾನಿಕ್): ಬುದ್ಧಿಹಲ್ಲು ಕೀಳಿಸಿದರೆ ಗುಡ್ಡ ಎಷ್ಟು ದಿನ ಬಿಡಬೇಕು ಮೇಡಂ?

ಉತ್ತರ (ವೈದ್ಯೆ): ಒಂದು ವಾರ ಭಾರ ಎತ್ತಬೇಡಿ, ಬಗ್ಗಿ ಮುಕ್ಕಿರಿದರೆ ಗಾಯದಿಂದ ರಕ್ತ ಬರಬಹುದು. ನಾಲ್ಕನೇ ದಿನದಿಂದ, ನೋವಿಲ್ಲದಿದ್ದರೆ, ನಾಲೆ ಏರಿ ಮೇಲೆ ಬರಿಗೈ ನಡಿಗೆ ಪರವಾಗಿಲ್ಲ.