9ನೇ ಕ್ಲಾಸ್ ಮಗಳಿಗೆ ಬೇಸಿಗೆಯಲ್ಲಿ ಜಿಯೋಮೆಟ್ರಿ ಮಾಡಿಸಲಾ?

ಸವಿತಾ, ಫ್ರೀಮಾಂಟ್ (ಕ್ಯಾಲಿಫೋರ್ನಿಯಾ): ಮಗಳು ಈಗ 9ನೇ ಕ್ಲಾಸು, ಆಲ್ಜೀಬ್ರಾ 1 ನಡೀತಿದೆ. ಬೇಸಿಗೆ ರಜೆಯಲ್ಲಿ ಜಿಯೋಮೆಟ್ರಿ ಮುಗಿಸಿದರೆ 12ರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ಇಂಜಿನಿಯರಿಂಗ್ ಓದುವ ಆಸೆ ಅವಳಿಗೆ. ಶನಿವಾರ ಭರತನಾಟ್ಯ, ಭಾನುವಾರ ಕನ್ನಡ ಕ್ಲಾಸ್ ಬೇರೆ ಇದೆ. ಏನು ಮಾಡಲಿ?

ಮಂಜುನಾಥ್, ಸ್ಯಾನ್ ಹೋಸೆ: ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು (ಯುಸಿ) ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, 10 ಮತ್ತು 11ನೇ ಕ್ಲಾಸಿನ ಗ್ರೇಡ್ ಮಾತ್ರ ತಗೊಳ್ಳುತ್ತಾರೆ. 9ನೆಯದು ಲೆಕ್ಕಕ್ಕೇ ಇಲ್ಲ. ಕಾಲೇಜು ಪ್ರವೇಶ ಪರೀಕ್ಷೆಯಾದ ಸ್ಯಾಟ್ ಅಂಕವನ್ನಂತೂ ನೋಡುವುದೇ ಇಲ್ಲ.

ಗುರುಪ್ರಸಾದ್, ಪ್ಲೇನೋ: "ಲೆಕ್ಕಕ್ಕೇ ಇಲ್ಲ" ಅಂತ ಹೇಗೆ ಬರೀತೀರಿ? ಟೆಕ್ಸಾಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಕ್ಲಾಸ್ ರ‍್ಯಾಂಕ್ ಮೇಲೆ ಸೀಟು. ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿ 2026ರ ಪ್ರವೇಶದಿಂದ ಮೊದಲ 5 ಪರ್ಸೆಂಟ್ ಮಕ್ಕಳಿಗೆ ಮಾತ್ರ ನೇರ ಸೀಟು ಕೊಡುತ್ತದೆ. ನಮ್ಮ ಶಾಲೆಗಳಲ್ಲಿ ರ‍್ಯಾಂಕ್‌ಗೆ 9ನೇ ಕ್ಲಾಸಿನ ಗ್ರೇಡೂ ಸೇರುತ್ತದೆ.

ಮಂಜುನಾಥ್: ಅವರಿರುವುದು ಫ್ರೀಮಾಂಟ್‌ನಲ್ಲಿ ಸಾರ್. ಟೆಕ್ಸಾಸ್ ಕಾನೂನು ಕಟ್ಟಿಕೊಂಡು ಅವರೇನು ಮಾಡಬೇಕು?

ವಿನಯ್, ಸನ್ನಿವೇಲ್: ಯುಸಿ ಒಂದೇನಾ ಕಾಲೇಜು? ಎಂಐಟಿ 2022ರಲ್ಲೇ ಸ್ಯಾಟ್ ವಾಪಸ್ ತಂದಿತು. ಸ್ಟ್ಯಾನ್‌ಫರ್ಡ್ ಕೂಡ ಈಗ ಕೇಳುತ್ತದೆ. ಮೊದಲು ವಾರಾಂತ್ಯ ಬಿಡುವು ಮಾಡಿಕೊಡಿ. ಕನ್ನಡ ಕ್ಲಾಸ್ ಬಿಡಿಸಿ, ರೋಬೋಟಿಕ್ಸ್‌ಗೆ ಹಾಕಿ.

ಶೈಲಜಾ, ಕ್ಯುಪರ್ಟಿನೋ: ಕನ್ನಡ ಕ್ಲಾಸ್ ಬಿಡಿಸಬೇಕಾ? ಸ್ವಲ್ಪ ತಿಳಿದುಕೊಂಡು ಸಲಹೆ ಕೊಡಿ. ಇನ್ನೊಂದು ಭಾಷೆಯಲ್ಲೂ ಪಳಗಿದ ಮಕ್ಕಳ ಹೈಸ್ಕೂಲ್ ಡಿಪ್ಲೊಮಾ ಮೇಲೆ ಕ್ಯಾಲಿಫೋರ್ನಿಯಾ 2012ರಿಂದ ಸೀಲ್ ಆಫ್ ಬೈಲಿಟರಸಿ ಹಾಕಿಕೊಡುತ್ತಿದೆ. ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆ ಇಲ್ಲದ ಭಾಷೆಗೂ ದಾರಿ ಇದೆ.

ವಿನಯ್: ಆ ಸೀಲ್ ನೋಡಿ ಯಾರೂ ಸೀಟು ಕೊಡಲ್ಲ. ಡಿಪ್ಲೊಮಾ ಕೈಗೆ ಬರುವುದು 12 ಮುಗಿದ ಮೇಲೆ. ಕಾಲೇಜಿಗೆ ಅರ್ಜಿ ಹಾಕುವುದು ಅದಕ್ಕೆ ಎಷ್ಟೋ ತಿಂಗಳು ಮೊದಲು.

ಶೈಲಜಾ: ಯುಸಿ ಅರ್ಜಿಯಲ್ಲಿ 20 ಚಟುವಟಿಕೆ ಬರೆಯಬಹುದು. ತಲಾ 350 ಪದ ಮೀರದಂತೆ 4 ಪ್ರಶ್ನೆಗಳಿಗೆ ಉತ್ತರಗಳನ್ನೂ ಕೊಡಬೇಕು. ವರ್ಷಗಟ್ಟಲೆ ಬಿಡದೆ ಹೋಗಿ, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹುಡುಗಿಗೆ ಅಲ್ಲಿ ಬರೆಯೋಕೆ ತನ್ನದೇ ವಿಷಯ ಇರುತ್ತದೆ. ಅಜ್ಜಿ ಜೊತೆ ಮಾತಾಡೋಕೆ ಬರೋದು ನಿಮಗೆ ಏನೂ ಅಲ್ವಾ?

ವಿನಯ್: ಅಜ್ಜಿ ವಿಷಯ ಯಾಕೆ ತಂದಿರಿ? ನಾನು ಹೇಳ್ತಿರೋದು ಅಡ್ಮಿಷನ್ ಬಗ್ಗೆ. ನಮ್ಮ ಮನೆಯಲ್ಲೂ ಕನ್ನಡವೇ.

ಗುರುಪ್ರಸಾದ್: 20 ಎಲ್ಲಿದೆ ಮೇಡಂ? ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ 10 ಮಾತ್ರ.

ಶೈಲಜಾ: ಯುಸಿ ಅಂತ ಸ್ಪಷ್ಟವಾಗಿ ಬರೆದಿದ್ದೇನೆ, ಪೂರ್ತಿ ಓದಿ ಸಾರ್. ವಿನಯ್, "ಮನೆಯಲ್ಲೂ ಕನ್ನಡವೇ" ಅಂದರೆ ಸಾಲದು. ಓದೋಕೆ ಬರೆಯೋಕೆ ಯಾರು ಕಲಿಸ್ತಾರೆ?

ವಿನಯ್: ನಾನು ಕಲಿಸ್ತೇನೆ. ಅದು ನಿಮಗೆ ಬೇಡದ ವಿಷಯ.

ಸವಿತಾ: ದಯವಿಟ್ಟು ಜಗಳ ಬೇಡ. ಕನ್ನಡ ಕ್ಲಾಸ್ ಬಿಡಿಸಲ್ಲ, ಅವಳಿಗೇ ಅದು ಇಷ್ಟ. ಜಿಯೋಮೆಟ್ರಿ ಬಗ್ಗೆ ಯಾರಾದರೂ ಹೇಳ್ತೀರಾ?

ರೇಖಾ, ಸ್ಯಾನ್ ರಮೋನ್: 9 ಮುಗಿದ ತಕ್ಷಣದ ಬೇಸಿಗೆಯಿಂದಲೇ ಯುಸಿ ಜಿಪಿಎ ಶುರು. ಕೆಲವೇ ವಾರಗಳಲ್ಲಿ ಓಡಿಸುವ ಜಿಯೋಮೆಟ್ರಿಯಲ್ಲಿ ಬಿ ಬಂದರೆ ಅದೂ ಸೇರುತ್ತದೆ. ಆಲ್ಜೀಬ್ರಾ ಗಟ್ಟಿಯಾಗಿದ್ದರೆ ಮಾತ್ರ ಮಾಡಿಸಿ. ಫೀಸ್ ಕಟ್ಟುವ ಮೊದಲು ಶಾಲೆಯ ಕೌನ್ಸೆಲರ್ ಒಪ್ಪಿಗೆ ತಗೊಳ್ಳಿ. ಮಂಜುನಾಥ್ ಅವರು ಹೇಳಿದ್ದು ಅರ್ಧ ಮಾತ್ರ ಸರಿ. 9ರ ಕಡ್ಡಾಯ ವಿಷಯಗಳಲ್ಲೂ ಕನಿಷ್ಠ ಸಿ ಬೇಕು.

ಮಂಜುನಾಥ್: ಅರ್ಧ ಏನಲ್ಲ. 9ರ ಗ್ರೇಡ್ ಜಿಪಿಎಗೆ ಸೇರಲ್ಲ ಅಂದಿದ್ದೆ. ಈಗಲೂ ಸೇರಲ್ಲ.