ಎರೆಮಣ್ಣಿನ ನಿವೇಶನದಲ್ಲಿ ಆರು ಅಡಿ ಎತ್ತರದ ಮರದ ಬೇಲಿ: ಕಂಬ ಹೇಗೆ ನಿಲ್ಲಿಸಬೇಕು, ಯಾವ ಮರ ಬಾಳುತ್ತದೆ?

ಪ್ರಶ್ನೆ: ಹಿತ್ತಲಮನೆ, ಬಳ್ಳಾರಿ

ಬಳ್ಳಾರಿಯ ಹೊರವಲಯದಲ್ಲಿ, ಸಿರುಗುಪ್ಪ ರಸ್ತೆಯ ಕಡೆ, ನಲವತ್ತು ಅರವತ್ತರ ನಿವೇಶನದಲ್ಲಿ ನಾವು ಮನೆ ಕಟ್ಟಿಸಿದ್ದೇವೆ. ಪಶ್ಚಿಮದ ಮಗ್ಗುಲಲ್ಲಿ ಪಕ್ಕದ ಮನೆಯವರು ಓಡಾಡುವ ದಾರಿ ನಮ್ಮ ಹಿತ್ತಲಿಗೆ ನೇರವಾಗಿ ಮುಖ ಮಾಡಿದೆ. ಬಟ್ಟೆ ಒಗೆಯುವುದು, ಬೇಸಿಗೆಯಲ್ಲಿ ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗಿಸುವುದು ಎಲ್ಲವೂ ಅಲ್ಲಿಯೇ ನಡೆಯುವುದರಿಂದ ಮನೆಯ ಹೆಂಗಸರಿಗೆ ಒಂದು ಮರೆ ಬೇಕೇ ಬೇಕು. ಇದೇ ಬಡಾವಣೆಯಲ್ಲಿ ಇಟ್ಟಿಗೆಯ ಕಾಂಪೌಂಡ್ ಗೋಡೆಗಳು ಓರೆಯಾಗಿ ಸೀಳಿರುವುದನ್ನು ಕಂಡು, ನಾವು ಅರವತ್ತು ಅಡಿ ಉದ್ದಕ್ಕೆ ಮರದ ಬೇಲಿ ಹಾಕಿಸಲು ಯೋಚಿಸಿದ್ದೇವೆ.

ನಾಲ್ಕು ಅಂಗುಲ ಚೌಕದ ಸಾಗುವಾನಿ ಕಂಬಗಳನ್ನು ಎಂಟು ಅಡಿಗೊಂದರಂತೆ, ಎರಡು ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂತು, ಅವುಗಳಿಗೆ ಒಂದು ಅಂಗುಲ ದಪ್ಪದ ಹಲಗೆಗಳನ್ನು ಸಂದಿಲ್ಲದಂತೆ ಹೊಡೆಸುವುದು ಈಗಿನ ಯೋಜನೆ. ಬಡಿಗೇರರು ಬೇವಿನ ಹಲಗೆ ಸಾಕೆನ್ನುತ್ತಾರೆ. ಇನ್ನೊಬ್ಬರು ಯಂತ್ರಗಳ ಪ್ಯಾಕಿಂಗಿಗೆ ಬಂದ ಪೈನ್ ಹಲಗೆ ಅಗ್ಗವಾಗಿ ಸಿಗುತ್ತದೆ, ಅದಕ್ಕೆ ಶಾಖೋಪಚಾರವೂ ಆಗಿರುತ್ತದೆ ಎನ್ನುತ್ತಾರೆ. ಗೆದ್ದಲಿಗೆ ಹಳೆಯ ಎಂಜಿನ್ ಆಯಿಲ್ ಬಳಿದರೆ ಸಾಕು ಎಂಬ ಮಾತೂ ಇದೆ. ಈ ಭಾಗದ ಮಣ್ಣು, ಬಿಸಿಲು, ಗಾಳಿಗಳನ್ನು ಬಲ್ಲವರು ಇದರಲ್ಲಿ ಏನನ್ನು ಬದಲಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ತಳಪಾಯ, ರಾಯಚೂರು

ಮರದ ಮಾತು ಆಮೇಲೆ ಬರಲಿ. ಮೊದಲು ಎರಡು ಅಡಿಯ ಗುಂಡಿಯನ್ನು ಬಿಟ್ಟುಬಿಡಿ. ನಾನು ಸಿವಿಲ್ ಇಂಜಿನಿಯರ್ ಆಗಿ ರಾಯಚೂರು, ಸಿಂಧನೂರು ಭಾಗದಲ್ಲಿ ಹೆಚ್ಚು ಕೆಲಸ ಮಾಡಿದ್ದೇನೆ, ಮತ್ತು ಎರೆಮಣ್ಣಿನಲ್ಲಿ ಬೇಲಿ ಕೆಡುವುದು ಬಹುಪಾಲು ನೆಲದ ಒಂದು ಅಡಿ ಮೇಲೆ ಮತ್ತು ಎರಡು ಅಡಿ ಕೆಳಗೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವು ನೀರನ್ನು ತನ್ನ ಪದರಗಳ ನಡುವೆಯೇ ಹಿಡಿದುಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಏಪ್ರಿಲಿನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ನಿಮ್ಮ ಎರಡು ಅಡಿಯ ಕಾಂಕ್ರೀಟ್ ಪೂರ್ತಿಯಾಗಿ ಈ ಏರಿಳಿತದ ಪದರದಲ್ಲಿಯೇ ಇರುತ್ತದೆ. ಗುಂಡಿ ತೋಡುವವರು ಸಾಮಾನ್ಯವಾಗಿ ಬಾಯಿ ಅಗಲ, ತಳ ಕಿರಿದು ಮಾಡುವುದರಿಂದ ಕಾಂಕ್ರೀಟು ಅಣಬೆಯಂತೆ ನಿಲ್ಲುತ್ತದೆ, ಉಬ್ಬುವ ಮಣ್ಣು ಅದರ ಅಂಚನ್ನು ಹಿಡಿದು ಮೇಲಕ್ಕೆ ತಳ್ಳುತ್ತದೆ. ಒಂದೊಂದು ಕಂಬ ಒಂದೊಂದು ಪ್ರಮಾಣದಲ್ಲಿ ಏಳುವುದರಿಂದ ಬೇಲಿ ಅಲೆಯಾಕಾರಕ್ಕೆ ಬರುತ್ತದೆ.

ಇದಕ್ಕೆ ಪರಿಹಾರವಾಗಿ ತಳವನ್ನು ಅಗಲಿಸಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಮಣ್ಣಿಗಾಗಿ ರೂಪಿಸಿದ, ತಳದ ಬಳಿ ಅಗಲವಾಗಿರುವ ಕಾಂಕ್ರೀಟ್ ಕಂಬವಾದ ಅಂಡರ್‌ರೀಮ್ಡ್ ಪೈಲ್‌ನ ತತ್ವವೂ ಇದೇ. ಬೇಲಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ಕೈ ಆಗರ್‌ನಿಂದ ಒಂಬತ್ತು ಹತ್ತು ಅಂಗುಲ ವ್ಯಾಸದ ರಂಧ್ರವನ್ನು ನಾಲ್ಕೂವರೆಯಿಂದ ಐದು ಅಡಿ ಆಳಕ್ಕೆ ಕೊರೆದು, ತಳದ ಒಂದು ಅಡಿಯನ್ನು ಸುತ್ತಲೂ ಅಗಲಿಸಿ, ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ. ಮೇಲಿನ ಎರಡೂವರೆ ಅಡಿಯಲ್ಲಿ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿಸಿದರೆ ಮಣ್ಣು ಅದರ ಮೇಲೆ ಜಾರುತ್ತದೆ, ಕಾಂಕ್ರೀಟನ್ನು ಹಿಡಿದೆತ್ತುವುದಿಲ್ಲ. ಕಾಂಕ್ರೀಟಿನ ತಲೆ ನೆಲದಿಂದ ಆರು ಅಂಗುಲ ಮೇಲಿದ್ದು, ನೀರು ನಿಲ್ಲದಂತೆ ನಾಲ್ಕೂ ಕಡೆ ಇಳಿಜಾರಾಗಿರಬೇಕು.

ಮರದ ಕಂಬವನ್ನು ಕಾಂಕ್ರೀಟಿನೊಳಗೆ ಹೂಳಲೇಬೇಡಿ. ಮರ ಒಣಗಿ ಕುಗ್ಗಿದಾಗ ಅದರ ಸುತ್ತ ಕೂದಲೆಳೆಯ ಸಂದಿ ಏಳುತ್ತದೆ, ಮಳೆಯ ನೀರು ಆ ಸಂದಿಯಲ್ಲಿ ಇಳಿದು ಅಲ್ಲಿಯೇ ನಿಲ್ಲುತ್ತದೆ, ಕೊಳೆಯುವಿಕೆಯೂ ಗೆದ್ದಲೂ ಒಂದೇ ಜಾಗದಲ್ಲಿ ಆರಂಭವಾಗುತ್ತವೆ. ಕಾಂಕ್ರೀಟಿನ ಮೇಲೆ ಬೋಲ್ಟ್ ಮಾಡುವ ಕ್ಲ್ಯಾಂಪು ಮಂಟಪದ ಕಂಬಕ್ಕೆ ಸರಿಹೋದೀತು, ಒಂಟಿಯಾಗಿ ಗಾಳಿ ತಡೆಯಬೇಕಾದ ಬೇಲಿಗೆ ಅದರ ಬಲ ಸಾಲದು. ಆದ್ದರಿಂದ ಸತು ಲೇಪಿಸಿದ 60 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಉಕ್ಕಿನ ಪೈಪನ್ನು ಹೂತು, ಹೊರಗೆ ಕಾಣುವ ಭಾಗಕ್ಕೆ ಬೇಕಿದ್ದರೆ ಮರದ ಹೊದಿಕೆ ಕೊಡಿಸಿ.

ಗಾಳಿಯ ಲೆಕ್ಕ ಹೀಗಿದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 47 ಕಿಲೋ ಒತ್ತಡ ಕೊಡುತ್ತದೆ. ಸಂದಿಲ್ಲದ ಎಂಟು ಅಡಿ ಉದ್ದ, ಆರು ಅಡಿ ಎತ್ತರದ ಹಲಗೆಯ ಮೇಲೆ ಅದು 200 ಕಿಲೋ ದಾಟುತ್ತದೆ, ಮತ್ತು ಆ ಭಾರವನ್ನೆಲ್ಲ ಒಂದು ಕಂಬದ ಬುಡವೇ ಹೊರಬೇಕು. ಮುಂಗಾರಿಗೆ ಮೊದಲು ಗುಡುಗಿನೊಂದಿಗೆ ಬರುವ ಬಿರುಗಾಳಿಗಳನ್ನು ನೋಡಿದವರಿಗೆ ಈ ವೇಗ ಅತಿಯೆನಿಸದು. ಕಂಬಗಳ ಅಂತರವನ್ನು ಆರು ಅಡಿಗೆ ಇಳಿಸಿ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆಂದು ಅಂದಾಜು ಮಾಡಿಕೊಳ್ಳಬಹುದು. ಒಣಗಿಸಿ, ಪುಡಿ ಮಾಡಿ, ನುಣುಪಾಗಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು 100 ಮಿ.ಲೀ. ಅಳತೆಯ ಎರಡು ಗಾಜಿನ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯ ಮಣ್ಣು ಅದಕ್ಕಿಂತ ಅರ್ಧ ಪಟ್ಟಿಗೂ ಹೆಚ್ಚು ಮೇಲೆ ನಿಂತರೆ ಮೇಲೆ ಹೇಳಿದ ಯಾವುದರಲ್ಲಿಯೂ ಕಡಿತ ಮಾಡಬೇಡಿ. ಬಚ್ಚಲ ನೀರು, ತೊಟ್ಟಿಯ ನೀರು ಬೇಲಿಯ ಬುಡಕ್ಕೆ ಹರಿಯದಂತೆಯೂ ನೋಡಿಕೊಳ್ಳಿ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಎಂಬ ಸ್ಥಿತಿಯೇ ಅತಿ ಹೆಚ್ಚು ಹಾನಿ ಮಾಡುತ್ತದೆ.

ಉತ್ತರ: ಉಳಿ-ಬಾಚಿ, ಗಂಗಾವತಿ

ನಮ್ಮದು ಬಡಿಗತನದ ಮನೆ. ತಳಪಾಯದ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಮರದ ಬಗ್ಗೆ ಮಾತ್ರ ಬರೆಯುತ್ತೇನೆ.

ಪ್ಯಾಕಿಂಗ್ ಪೈನಿನ ವಿಷಯದಲ್ಲಿ ನಿಮಗೆ ಸಿಕ್ಕಿರುವ ಮಾಹಿತಿ ಅರ್ಧ ಸತ್ಯ. ಆ ಹಲಗೆಗಳ ಮೇಲೆ ಎಚ್‌ಟಿ ಎಂಬ ಮುದ್ರೆ ಇರುವುದು ನಿಜ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಆ ಬಿಸಿಯಲ್ಲಿ ಇತ್ತೆಂಬುದೇ ಅದರ ಅರ್ಥ. ದೇಶದಿಂದ ದೇಶಕ್ಕೆ ಕೀಟ ದಾಟಬಾರದೆಂದು ಅದನ್ನು ಮಾಡುತ್ತಾರೆ. ಒಳಗಿದ್ದ ಹುಳು ಸಾಯುತ್ತದೆ, ಮರಕ್ಕೆ ಯಾವ ರಕ್ಷಣೆಯೂ ಉಳಿಯುವುದಿಲ್ಲ, ಮಾರನೆಯ ದಿನ ಗೆದ್ದಲು ಹತ್ತಬಹುದು.

ಸಾಗುವಾನಿಯೆಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಅದರ ಬಾಳಿಕೆ ಇರುವುದು ಚೇಗಿನಲ್ಲಿ, ಅಂದರೆ ಹೊಂಬಣ್ಣದಿಂದ ಕಂದು ಬಣ್ಣದ ಒಳಭಾಗದಲ್ಲಿ. ಹೊರಗಿನ ಬಿಳಿಚು ಪಟ್ಟಿಯನ್ನು ಗೆದ್ದಲು ಬೇರೆ ಯಾವುದೇ ಮರದಂತೆ ತಿನ್ನುತ್ತದೆ. ತೋಟಗಳಲ್ಲಿ ಬೆಳೆಸಿ ಬೇಗ ಕಡಿದ ಸಾಗುವಾನಿಯಲ್ಲಿ ಈ ಬಿಳಿ ಭಾಗವೇ ಹೆಚ್ಚು. ಮಾರುವವರು ಹಲಗೆಗೆ ಬಣ್ಣ ಹಚ್ಚಿಟ್ಟಿದ್ದರೆ ತುದಿಯನ್ನು ಕೊಯ್ಸಿ ನೋಡದೆ ಹಣ ಕೊಡಬೇಡಿ.

ಬೇವಿಗೆ ಹುಳುವಿನ ಕಾಟ ಕಡಿಮೆ ಎಂಬುದು ಸರಿ, ಆದರೆ ನಮ್ಮ ಕಡೆಯ ಬೇವಿನ ಬೊಡ್ಡೆ ನೇರವಾಗಿರುವುದು ಅಪರೂಪ; ಹಸಿಯಾಗಿ ಕೊಯ್ದು ಹೊಡೆದರೆ ಬೇಸಿಗೆಯ ಹೊತ್ತಿಗೆ ತಿರುಚಿಕೊಂಡು ಸ್ಕ್ರೂಗಳನ್ನೇ ಕಿತ್ತುಕೊಳ್ಳುತ್ತದೆ. ಕರಿಜಾಲಿಯ ಚೇಗು ಬಂಡಿಯ ಭಾಗಗಳಿಗೆ ಬಳಸಿದ ಮರ, ಗಟ್ಟಿತನದಲ್ಲಿ ಅನುಮಾನವಿಲ್ಲ, ಆದರೆ ರಂಧ್ರ ಕೊರೆಯದೆ ಮೊಳೆ ಹೊಡೆದರೆ ಸೀಳುತ್ತದೆ. ಬಳ್ಳಾರಿ ಜಾಲಿಯನ್ನು ಎಲ್ಲರೂ ಇದ್ದಿಲಿಗೂ ಉರುವಲಿಗೂ ಮಾತ್ರ ನೆನೆಯುತ್ತಾರೆ. ಅದರ ಚೇಗು ಒಣಗುವಾಗ ಬಹಳ ಕಡಿಮೆ ಕುಗ್ಗುವ ಮರ. ಕೊಂಕಾಗಿ, ತುಂಡಾಗಿ ಸಿಗುವುದೇ ಅದರ ಕೊರತೆ. ಆರು ಅಡಿಯ ಹಲಗೆಗೆ ಅದು ಆಗದು, ಆದರೆ ಅಡ್ಡ ಜೋಡಿಸುವ ಗಿಡ್ಡ ಪಟ್ಟಿಗಳಿಗೆ, ಬಿಳಿ ಭಾಗವನ್ನು ಪೂರ್ತಿ ತೆಗೆಸಿ, ಧಾರಾಳವಾಗಿ ಬಳಸಬಹುದು. ಇಷ್ಟು ಒಳ್ಳೆಯ ಮರವನ್ನು ಒಲೆಗೇ ಹಾಕುತ್ತಿರುವುದು ನನಗೆ ನೋವಿನ ಸಂಗತಿ.

ಹಲಗೆಯ ಅಗಲ ನಾಲ್ಕು ಅಂಗುಲ ಸಾಕು. ಅಗಲ ಹೆಚ್ಚಿದಷ್ಟೂ ದೋಣಿಯಾಕಾರಕ್ಕೆ ಬಾಗುತ್ತದೆ. ಮರ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು, ಅಗಲಕ್ಕೆ ಕುಗ್ಗುತ್ತದೆ. ಆದ್ದರಿಂದ ಹಲಗೆಯ ಎರಡು ಅಂಚಿಗೆ ಎರಡು ಸ್ಕ್ರೂ ಬಿಗಿದರೆ ನಡುವೆ ಸೀಳುವುದು ಖಚಿತ. ಎರಡನ್ನೂ ಮಧ್ಯದ ಹತ್ತಿರಕ್ಕೆ ತನ್ನಿ, ರಂಧ್ರವನ್ನು ಸ್ಕ್ರೂವಿಗಿಂತ ತುಸು ದೊಡ್ಡದಾಗಿ ಕೊರೆಸಿ. ಸಾದಾ ಕಬ್ಬಿಣದ ಮೊಳೆ ಜಾಲಿಯ ಒಗರಿಗೆ ಕಪ್ಪು ಕಣ್ಣೀರು ಸುರಿಸುತ್ತದೆ, ಸ್ಟೇನ್‌ಲೆಸ್ ಉಕ್ಕನ್ನೇ ತನ್ನಿ.

ಸಂದಿಲ್ಲದ ಜೋಡಣೆಯ ಆಸೆ ಬಿಡಿ. ಅಡ್ಡಪಟ್ಟಿಗಳ ಈ ಮಗ್ಗುಲಿಗೆ ಒಂದು, ಆ ಮಗ್ಗುಲಿಗೆ ಒಂದು ಎಂದು ಹಲಗೆಗಳನ್ನು ಸರದಿಯಲ್ಲಿ ಹೊಡೆದು, ಒಂದರ ಅಂಚು ಇನ್ನೊಂದರ ಮೇಲೆ ಒಂದು ಅಂಗುಲ ಹಾಯುವಂತೆ ಮಾಡಿದರೆ ನೇರವಾಗಿ ಏನೂ ಕಾಣುವುದಿಲ್ಲ, ಗಾಳಿ ಮಾತ್ರ ನುಸುಳಿ ಹೋಗುತ್ತದೆ, ಕುಗ್ಗಿದರೂ ಮರೆ ತಪ್ಪುವುದಿಲ್ಲ. ಹಲಗೆಯ ಕೆಳತುದಿ ನೆಲದಿಂದ ಮೂರು ಅಂಗುಲ ಮೇಲಿರಲಿ. ಉಕ್ಕಾದರೂ ಕಲ್ಲಾದರೂ ಗೆದ್ದಲು ಅದರ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುತ್ತದೆ. ಈ ಮೂರು ಅಂಗುಲದಲ್ಲಿ ಆ ದಾರಿ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು.

ಉತ್ತರ: ಕಲ್ಲುಕಂಬ, ಕುಷ್ಟಗಿ

ಉಕ್ಕಿನ ಪೈಪಿಗಿಂತ ಕಲ್ಲುಕಂಬವೇ ನಮ್ಮ ಕಡೆಗೆ ಒಗ್ಗಿದ್ದು ಎಂಬುದು ನನ್ನ ಅಭಿಪ್ರಾಯ. ಕುಷ್ಟಗಿ ಸುತ್ತಮುತ್ತ ಗ್ರಾನೈಟಿನ ಕಂಬಗಳು ಸುಲಭವಾಗಿ ಸಿಗುತ್ತವೆ, ತುಕ್ಕಿಲ್ಲ, ಗೆದ್ದಲಿಲ್ಲ. ಅಡ್ಡಪಟ್ಟಿಗೆ ಬೋಲ್ಟ್ ಹಾಕಲು ಕಂಬದಲ್ಲಿ ಮೂರು ತೂತು ಹೊಡೆಸಿಕೊಂಡರೆ ಹಲಗೆ ಹಾಳಾದಾಗ ಹಲಗೆಯನ್ನಷ್ಟೇ ಬದಲಿಸಬಹುದು, ಕಂಬ ಮಕ್ಕಳ ಕಾಲಕ್ಕೂ ಇರುತ್ತದೆ. ಕೊಳ್ಳುವಾಗ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ನಾದ ಸ್ಪಷ್ಟವಾಗಿದ್ದರೆ ಒಳ್ಳೆಯದು, ಮಂದವಾಗಿದ್ದರೆ ಒಳಗೆ ಬಿರುಕಿನ ಎಳೆ ಬಿಟ್ಟಿದೆ ಎಂದು ತಿಳಿಯಿರಿ.

ಉತ್ತರ: ತಳಪಾಯ, ರಾಯಚೂರು

ಕಲ್ಲುಕಂಬಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಹೊಲದ ಕಂಬಗಳು ಹೊರುವುದು ಮುಳ್ಳುತಂತಿಯನ್ನು. ತಂತಿಗೆ ಗಾಳಿ ತಾಗುವುದಿಲ್ಲ. ಕಲ್ಲು ಭಾರ ಹೊರುವುದರಲ್ಲಿ ಎಷ್ಟು ಬಲಶಾಲಿಯೋ ಬಾಗುವುದರಲ್ಲಿ ಅಷ್ಟೇ ದುರ್ಬಲ, ಮುರಿಯುವ ಮುನ್ನ ಸೂಚನೆಯನ್ನೂ ಕೊಡದು. ಹಲಗೆಯ ಬೇಲಿಗೆ ಆರು ಅಂಗುಲ ಚೌಕದ ಕಂಬವನ್ನೇ ತನ್ನಿ. ನಾಲ್ಕು ಆರರ ಕಂಬವೇ ಸಿಕ್ಕಿದರೆ ಆರು ಅಂಗುಲದ ಪಕ್ಕೆ ಬೇಲಿಯ ಸಾಲಿಗೆ ಅಡ್ಡಲಾಗಿ, ಗಾಳಿ ಬೀಸುವ ದಿಕ್ಕಿಗೆ ಉದ್ದವಾಗಿ ನಿಲ್ಲಬೇಕು. ಸಾಲಿನ ಉದ್ದಕ್ಕೆ ತಿರುಗಿಸಿ ನಿಲ್ಲಿಸಿದರೆ ಬಲ ಮೂರನೆಯ ಒಂದು ಪಾಲು ತಗ್ಗುತ್ತದೆ.

ಪ್ರಶ್ನೆ ಕೇಳಿದವರು: ಹಿತ್ತಲಮನೆ, ಬಳ್ಳಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆರು ಅಡಿ ಅಂತರದಲ್ಲಿ ಆರು ಅಂಗುಲದ ಕಲ್ಲುಕಂಬ, ಸರದಿಯ ಹಲಗೆಗಳು ಎಂದು ಮನೆಯಲ್ಲಿ ಒಪ್ಪಿದ್ದೇವೆ. ಎರಡು ಸಂದೇಹ ಉಳಿದಿವೆ. ಎಂಜಿನ್ ಆಯಿಲ್ ಬೇಡವಾದರೆ ಏನು ಹಚ್ಚಬೇಕು? ಹಿಂದೆ ಹೋಗಲು ಮೂರೂವರೆ ಅಡಿಯ ಒಂದು ಬಾಗಿಲು ಬೇಕಾಗಿದೆ, ಅದನ್ನು ಹೇಗೆ ಕೂಡಿಸುವುದು?

ಉತ್ತರ: ಉಳಿ-ಬಾಚಿ, ಗಂಗಾವತಿ

ಮೆಣಸಿನಕಾಯಿ ಒಣಗಿಸುವ ಹಿತ್ತಲಿಗೆ ಸುಟ್ಟ ಎಂಜಿನ್ ಆಯಿಲ್ ಬರಲೇಬಾರದು. ಅದರಲ್ಲಿ ಲೋಹದ ವಿಷಾಂಶಗಳಿರುತ್ತವೆ, ಮಳೆಗೆ ಮಣ್ಣಿಗಿಳಿಯುತ್ತವೆ, ಮುಂದೆ ಬೇರೆ ಯಾವ ಎಣ್ಣೆಯೂ ಆ ಮರಕ್ಕೆ ಹಿಡಿಯುವುದಿಲ್ಲ. ಹೊಳಪಿನ ವಾರ್ನಿಷ್ ಕೂಡ ಬೇಡ. ನಮ್ಮ ಬಿಸಿಲಿಗೆ ಅದು ಚಕ್ಕೆಯೆದ್ದು, ಮತ್ತೆ ಹಚ್ಚಬೇಕೆಂದರೆ ಎಲ್ಲವನ್ನೂ ಕೆರೆಯಬೇಕಾಗುತ್ತದೆ. ಮರದೊಳಗೆ ಇಳಿಯುವ, ಬಣ್ಣದ ಪುಡಿ ಬೆರೆತ ಹೊರಾಂಗಣದ ಎಣ್ಣೆ ಒಳ್ಳೆಯದು, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದು ಆ ಪುಡಿಯೇ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹುಳುವಿಗೆ ಪರಿಣಾಮಕಾರಿ, ಆದರೆ ಮಳೆಗೆ ತೊಳೆದುಹೋಗುವುದರಿಂದ ಅದರ ಮೇಲೆ ಎಣ್ಣೆಯ ಲೇಪ ಇರಲೇಬೇಕು. ಕೊಯ್ದ ತುದಿಗಳನ್ನು ಬಳಿಯುವುದಕ್ಕಿಂತ ಎಣ್ಣೆಯಲ್ಲಿ ಅದ್ದಿ ಇಡಿ, ನೀರು ಹೀರುವುದು ಅಲ್ಲಿಂದಲೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ನೀರಿನಲ್ಲಿ ನೆನೆಸಿ ಬಿಡಿಸಿ ಒಣಗಿಸಿ. ಒತ್ತಡದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಉಣಿಸಿದ ಹಸಿರು ಛಾಯೆಯ ಮರವೇನಾದರೂ ಸಿಕ್ಕರೆ, ಅದರ ತುಂಡುಗಳನ್ನು ಬಚ್ಚಲ ಒಲೆಗೆ ಎಂದಿಗೂ ಹಾಕಬೇಡಿ, ಹೊಗೆಯೂ ಬೂದಿಯೂ ವಿಷ. ದೀಪಾವಳಿ ಕಳೆದು ಮಳೆ ನಿಂತ ಮೇಲೆ, ಮೊದಲು ಪಶ್ಚಿಮದ ಮಗ್ಗುಲಿಗೆ, ವರ್ಷಕ್ಕೊಮ್ಮೆ ಎಣ್ಣೆ ಕಾಣಿಸಿ.

ಬಾಗಿಲಿನ ಎರಡು ಕಂಬಗಳು ಮಾತ್ರ ಉಕ್ಕಿನವಾಗಿರಲಿ, ಮತ್ತು ನೆಲದಡಿಯಲ್ಲಿ ಅವೆರಡನ್ನೂ ಕಬ್ಬಿಣದ ಸರಳಿರುವ ಕಾಂಕ್ರೀಟ್ ತೊಲೆಯಿಂದ ಜೋಡಿಸಿ, ತೊಲೆಯ ಕೆಳಗೆ ಉಬ್ಬಲು ಜಾಗವಿರುವಂತೆ ಮೂರು ನಾಲ್ಕು ಅಂಗುಲ ಖಾಲಿ ಬಿಡಿಸಿ. ಆಗ ಎರಡೂ ಒಟ್ಟಿಗೇ ಇರುತ್ತವೆ, ಒಂದು ಅತ್ತ ಒಂದು ಇತ್ತ ವಾಲುವುದಿಲ್ಲ. ಬಾಗಿಲಿನ ಚೌಕಟ್ಟಿನೊಳಗಿನ ಓರೆಪಟ್ಟಿ ಕೆಳಗಿನ ಕೀಲಿನ ಮೂಲೆಯಿಂದ ಹೊರಟು ಮೇಲಿನ ಚಿಲಕದ ಮೂಲೆಗೆ ಹೋಗಬೇಕು. ತಿರುವುಮುರುವಾದರೆ ಬಾಗಿಲಿನ ಮೂಗು ನೆಲಕ್ಕೆ ಇಳಿಯುತ್ತದೆ. ಚಿಲಕದ ಕಡೆ ಅರ್ಧ ಅಂಗುಲ ಸಂದಿ ಬಿಟ್ಟು, ಕೊಂಡಿಯ ತೂತನ್ನು ಮೇಲೆ ಕೆಳಗೆ ಉದ್ದಕ್ಕೆ ಕೊರೆಸಿದರೆ ಶ್ರಾವಣದಲ್ಲಿ ನೆಲ ತುಸು ಎದ್ದರೂ ಚಿಲಕ ಬೀಳುತ್ತದೆ.